ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ನಿಜವಾಗ್ಲೂ ಪಾಠ ಆಗುತ್ತಾ? ಡಿಗ್ರಿ ಮಕ್ಕಳು, ಮೇಷ್ಟ್ರುಗಳು ಹೇಳಿ

ಅರ್ಥಶಾಸ್ತ್ರ_ಮೇಡಂ
ನಾನು ತುಮಕೂರಿನ ಕಡೆಯವಳು, ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತೀನಿ. ಬಿಎ ಮೊದಲ ವರ್ಷದ ವಾಟ್ಸಾಪ್ ಗ್ರೂಪ್ ನೋಡ್ಕೊಳ್ಳೋದು ನಾನೇ. ಮೊನ್ನೆ ಭಾನುವಾರ ಕೂತು ಅದನ್ನ ಮೊದಲಿಂದ ಓದ್ತಾ ಬಂದೆ. ಫೀಸು ಕಟ್ಟೋಕೆ ಕೊನೇ ದಿನ, ಸ್ಕಾಲರ್‌ಶಿಪ್ ಅರ್ಜಿ, ಇಂಟರ್ನಲ್ಸ್ ಟೈಮ್‌ಟೇಬಲ್, ನೋಟ್ಸಿನ ಪಿಡಿಎಫ್, ಅದರ ಕೆಳಗೆ ಮೂವತ್ತು ಜನ ಕೈಮುಗಿದಿರೋ ಚಿತ್ರ. ಇಡೀ ಸೆಮಿಸ್ಟರಲ್ಲಿ ಪಾಠದ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ.

ಆದ್ರೆ ಪ್ರಶ್ನೆಗಳು ಇಲ್ಲ ಅಂತಲ್ಲ. ಅವು ನನ್ನ ಸ್ವಂತ ನಂಬರಿಗೆ ಬರ್ತವೆ. ರಾತ್ರಿ ಹತ್ತು ಗಂಟೆಗೆ ಒಬ್ಬ ಹುಡುಗಿ ಕೇಳಿದ್ಲು, "ಮೇಡಂ, ಬೇಡಿಕೆ ರೇಖೆ ನೆಟ್ಟಗಿದ್ರೆ ಇಳಿಜಾರು ಎಲ್ಲ ಕಡೆ ಒಂದೇ ತಾನೆ? ಮತ್ತೆ ಸ್ಥಿತಿಸ್ಥಾಪಕತ್ವ ಮಾತ್ರ ಒಂದೊಂದು ಕಡೆ ಒಂದೊಂದು ಯಾಕೆ?" (ಬೇಡಿಕೆ ರೇಖೆ ಅಂದ್ರೆ ಬೆಲೆ ಏರಿದ ಹಾಗೆ ಜನ ಕೊಳ್ಳೋದು ಎಷ್ಟು ಇಳಿಯುತ್ತೆ ಅಂತ ತೋರಿಸೋ ಗೆರೆ. ಸ್ಥಿತಿಸ್ಥಾಪಕತ್ವ ಅಂದ್ರೆ ಬೆಲೆ ಶೇ 1 ಬದಲಾದ್ರೆ ಕೊಳ್ಳೋದು ಶೇ ಎಷ್ಟು ಬದಲಾಗುತ್ತೆ ಅನ್ನೋದು.) ಎಷ್ಟು ಒಳ್ಳೆ ಪ್ರಶ್ನೆ ನೋಡಿ. ಕ್ಲಾಸಲ್ಲಿ ಅರ್ಧ ಜನಕ್ಕೆ ಇರೋ ಅನುಮಾನ ಅದು, ಬಾಯಿ ಬಿಟ್ಟು ಕೇಳಿದವಳು ಇವಳೊಬ್ಬಳೇ, ಅದೂ ಗುಟ್ಟಾಗಿ. ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ: ಕೆಜಿಗೆ 10 ರೂಪಾಯಿ ಇದ್ದ ಟೊಮೆಟೊ 20 ಆದ್ರೆ ದುಪ್ಪಟ್ಟು. 90 ಇದ್ದದ್ದು 100 ಆದ್ರೆ ಬರೀ ಶೇ 11. ಏರಿದ್ದು ಎರಡೂ ಸಲ 10 ರೂಪಾಯಿಯೇ. ಇಳಿಜಾರು ರೂಪಾಯಿ ಲೆಕ್ಕ ನೋಡುತ್ತೆ, ಸ್ಥಿತಿಸ್ಥಾಪಕತ್ವ ಶೇಕಡಾ ಲೆಕ್ಕ ನೋಡುತ್ತೆ.

ಹತ್ತು ನಿಮಿಷ ಬಿಟ್ಟು ಅವಳೇ ಒಂದು ವಾಯ್ಸ್ ಕಳಿಸಿದ್ಲು. ನಾನು ಹೇಳಿದ್ದನ್ನೇ ತನ್ನೂರಿನ ಮಾತಲ್ಲಿ, ಉಳ್ಳಾಗಡ್ಡಿ ಇಟ್ಕೊಂಡು ಹೇಳಿದ್ಲು. ನನಗಿಂತ ಚೆನ್ನಾಗಿ ಹೇಳಿದ್ಲು. ಗ್ರೂಪಿಗೆ ಹಾಕ್ಲಾ ಅಂದೆ. "ಬ್ಯಾಡ್ರಿ ಮೇಡಂ, ನಗ್ತಾರ" ಅಂದ್ಲು.

ನಮ್ಮ ಸಹೋದ್ಯೋಗಿಗಳು ಗ್ರೂಪು ನೋಟಿಸಿಗಷ್ಟೇ ಇರ್ಲಿ, ಪಾಠ ಕ್ಲಾಸಲ್ಲೇ ಆಗ್ಲಿ ಅಂತಾರೆ. ನನಗೆ ಬಿಡೋಕೆ ಮನಸ್ಸು ಬರ್ತಿಲ್ಲ. ನಿಮ್ಮಲ್ಲಿ ಎಲ್ಲಿ ಕೈ ಹಿಡಿದಿದೆ, ಎಲ್ಲಿ ಕೆಟ್ಟಿದೆ, ಬಿಚ್ಚಿ ಹೇಳಿ.

ಗದಗಿನ_ಹುಡುಗ
ಮೇಡಂ, ನಮ್ಮ ಕಾಲೇಜಿನ್ಯಾಗೂ ಇದ ಕಥಿರಿ. ಸರ್‌ಗಳಿರೂ ಗ್ರೂಪಿನ್ಯಾಗ ಯಾರೂ ಮಾತಾಡಂಗಿಲ್ಲ. ನಾವು ಹುಡುಗ್ರು ಬ್ಯಾರೆ ಗ್ರೂಪ್ ಮಾಡ್ಕೊಂಡೇವಿ. ಖರೇ ಓದೂದು ಅಲ್ಲೇ ನಡೀತೈತಿ. ಪರೀಕ್ಷಾ ಟೈಮಿಗಂತೂ ರಾತ್ರಿ ಎರಡರ ತನಕ.

ಕೊನೆಬೆಂಚು_ಬಿಕಾಂ
ಅಲ್ಲಿ ಓದೋದಲ್ಲ ಬ್ರೋ, "ಇಂಪಾರ್ಟೆಂಟ್ ಯಾವುದು" ಅಂತ ಕೇಳೋದು. ನಮ್ಮದೂ ಅದೇ.

ಗದಗಿನ_ಹುಡುಗ
ಇಲ್ಲೋ ಮಾರಾಯ. ಕಾಸ್ಟ್ ಅಕೌಂಟಿಂಗ್ ಲೆಕ್ಕ ಒಬ್ಬಾಂವ ವಹಿ ಮ್ಯಾಲೆ ಮಾಡಿ ಫೋಟೋ ಹಾಕ್ತಾನ, ಇನ್ನೊಬ್ಬಾಂವ ಕೆಂಪು ಗುಂಡು ಹಾಕಿ "ಇಲ್ಲಿ ತಪ್ಪೈತಿ, ಓಪನಿಂಗ್ ಸ್ಟಾಕ್ ಕೂಡಿಸಿಲ್ಲ" ಅಂತ ತಿದ್ದಿ ವಾಪಸ್ ಹಾಕ್ತಾನ. ನಾ ಪಾಸಾಗಿದ್ದ ಅದರಿಂದ.

ನಿವೃತ್ತ_ಮೇಷ್ಟ್ರು
ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನು ನಾನು. ಮೇಡಂ ಅವರ ಕಾಳಜಿ ಮೆಚ್ಚುವಂಥದ್ದು, ಆದರೂ ಒಂದು ಮಾತು ಹೇಳಲೇಬೇಕು. ಫೋನಿನಲ್ಲಿ ಬಂದದ್ದು ಫೋನಿನಲ್ಲೇ ಉಳಿಯುತ್ತದೆ, ತಲೆಗೆ ಇಳಿಯುವುದಿಲ್ಲ. ಒಂದು ಅಧ್ಯಾಯ ಕೂತು ಓದುವ ತಾಳ್ಮೆ ಬರಬೇಕಾದರೆ ಎದುರಿಗೆ ಪುಸ್ತಕ ಇರಬೇಕು, ಪಕ್ಕದಲ್ಲಿ ಹಾಳೆ ಇರಬೇಕು. ಗ್ರಂಥಾಲಯದ ಮೆಟ್ಟಿಲು ಹತ್ತದ ವಿದ್ಯಾರ್ಥಿಗೆ ಎಷ್ಟು ಪಿಡಿಎಫ್ ಕೊಟ್ಟರೇನು?

ತುಂಗಾತೀರ
ಸರ್, ಗೌರವದಿಂದಲೇ ಹೇಳ್ತೀನಿ, ಗ್ರಂಥಾಲಯ ಸಂಜೆ ಐದಕ್ಕೆ ಬಾಗಿಲು ಹಾಕುತ್ತೆ. ನಮ್ಮೂರಿಗೆ ಕೊನೇ ಬಸ್ಸು ನಾಲ್ಕೂವರೆಗೆ. ನಾನು ಯಾವಾಗ ಮೆಟ್ಟಿಲು ಹತ್ತಲಿ?

ಶಿವಮೊಗ್ಗದಲ್ಲಿ ಎಂಎ ಇತಿಹಾಸ ಓದಿದೆ ನಾನು. ಒಂದು ಸಂಗತಿ ಹೇಳ್ತೀನಿ. ನಮ್ಮ ಟೆಲಿಗ್ರಾಂ ಗ್ರೂಪಲ್ಲಿ ಒಬ್ಬ "ಕನ್ನಡದ ಮೊದಲ ಶಾಸನ ಹಲ್ಮಿಡಿ, ಕ್ರಿ.ಶ. 450" ಅಂತ ನೋಟ್ಸ್ ಹಾಕಿದ. ಕೂಡಲೇ ನಮ್ಮ ಶಿಕಾರಿಪುರ ತಾಲೂಕಿನವಳೊಬ್ಬಳು ಎದ್ದು ಕೂತಳು, "ತಾಳಗುಂದದ ಪ್ರಣವೇಶ್ವರ ಗುಡೀಲಿ ಅದಕ್ಕಿಂತ ಹಳೇದು ಸಿಕ್ಕಿದೆ, ಕ್ರಿ.ಶ. 370 ಅಂತ ಪುರಾತತ್ವ ಇಲಾಖೆಯವರೇ ಹೇಳಿದ್ದಾರೆ" ಅಂತ. ಅವನು ಗೈಡಿನ ಪುಟ ಫೋಟೋ ಹೊಡೆದು ಹಾಕಿದ. ಇವಳು ಪೇಪರ್ ಕಟಿಂಗ್ ಹಾಕಿದಳು. ರಾತ್ರಿ ಅರವತ್ತು ಮೆಸೇಜು. ಬೆಳಿಗ್ಗೆ ನಮ್ಮ ಸರ್ ನೋಡಿ ಬೈತಾರೇನೋ ಅಂದುಕೊಂಡ್ವಿ. ಅವರು ಒಂದೇ ಸಾಲು ಬರೆದರು, "ಶಾಸನದಲ್ಲಿ ಇಸವಿ ಕೊರೆದಿರದಿದ್ದರೆ ಅದರ ಕಾಲ ಹೇಗೆ ತಿಳಿಯುತ್ತದೆ? ನಾಳೆ ಎಲ್ಲರೂ ಇದಕ್ಕೆ ಉತ್ತರ ತನ್ನಿ."

ಲಿಪಿಯ ರೂಪ ನೋಡಿ ಕಾಲ ಕಟ್ಟೋದು, ಅದರಲ್ಲಿ ಹೆಸರಿರೋ ರಾಜನ ಆಳ್ವಿಕೆ ನೋಡೋದು, ಅಗೆದಾಗ ಅದರ ಜೊತೆ ಏನೇನು ಸಿಕ್ತು ಅನ್ನೋದು, ಎಲ್ಲ ಆ ವಾರ ಕಲಿತ್ವಿ. ಸೆಮಿಸ್ಟರಲ್ಲಿ ನನಗೆ ನೆನಪಿರೋ ಪಾಠ ಅದೊಂದೇ.

ಕೊನೆಬೆಂಚು_ಬಿಕಾಂ
ಅಂದ್ರೆ ಹಲ್ಮಿಡಿ ಮೊದಲಲ್ವಾ?? ನಾನು ಎಫ್‌ಡಿಎ ಪರೀಕ್ಷೆಗೆ ಹಲ್ಮಿಡಿ ಅಂತಲೇ ಓದ್ತಿದ್ದೀನಿ.

ತುಂಗಾತೀರ
ಪೂರ್ಣಪ್ರಮಾಣದ ಕನ್ನಡ ಶಾಸನ ಅಂತ ಹಲ್ಮಿಡಿಯನ್ನೇ ಹೇಳೋರು ಈಗಲೂ ಇದ್ದಾರೆ. ಅದನ್ನ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದ್ದು. ತಾಳಗುಂದದ್ದು ಇತ್ತೀಚಿನದು, 2013ರ ಸುಮಾರಿಗೆ ಉತ್ಖನನ ಆದಾಗ ಸಿಕ್ಕಿದ್ದು, ಸಿಂಹಕಟಾಂಜನ ಶಾಸನ ಅಂತಾರೆ. ಪರೀಕ್ಷೆಗೆ ನಿಮ್ಮ ಪಠ್ಯ ಏನು ಹೇಳುತ್ತೋ ನೋಡಿಕೊಳ್ಳಿ, ತಿಳುವಳಿಕೆಗೆ ಎರಡೂ ಓದಿ.

ಕಾಳಿನದಿ
ನೆಟ್‌ವರ್ಕ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. ನಾನು ಜೊಯಿಡಾ ತಾಲೂಕಿನವ. 2020ರಲ್ಲಿ ಲಾಕ್‌ಡೌನ್ ಆದಾಗ ಆನ್‌ಲೈನ್ ಕ್ಲಾಸ್ ಅಂದ್ರು. ಮನೆಯಿಂದ ಎರಡು ಕಿಲೋಮೀಟರ್ ಗುಡ್ಡ ಹತ್ತಿ, ಒಂದು ಮತ್ತಿ ಮರದ ಬುಡದಲ್ಲಿ ಮಾತ್ರ ಎರಡು ಕಡ್ಡಿ ಬರ್ತಿತ್ತು. ಮಳೆಗಾಲ. ಕೊಡೆ ಹಿಡ್ಕೊಳ್ಳೋಕೆ ತಮ್ಮನ್ನ ಕರ್ಕೊಂಡು ಹೋಗ್ತಿದ್ದೆ. ಕಾಲಿಗೆ ಉಂಬಳ. ವಿಡಿಯೊ ಕ್ಲಾಸಲ್ಲಿ ಸರ್ ಮುಖ ಒಂದು ಕಡೆ ನಿಂತು, ಮಾತು ಇನ್ನೊಂದು ಕಡೆ ಹೋಗ್ತಿತ್ತು.

ಒಬ್ರು ಕೆಮಿಸ್ಟ್ರಿ ಮೇಡಂ ಮಾತ್ರ ವಿಡಿಯೊ ಬಿಟ್ಟು ವಾಯ್ಸ್ ಮೆಸೇಜ್ ಹಾಕೋರು, ಜೊತೆಗೆ ಬೋರ್ಡಿನ ಒಂದು ಫೋಟೋ. ನಾಲ್ಕೈದು ನಿಮಿಷದ ಧ್ವನಿ ಒಂದು ಎಂಬಿ ಕೂಡ ಆಗಲ್ಲ, ವಿಡಿಯೊ ಅದರ ಹತ್ತಾರು ಪಟ್ಟು ಡೇಟಾ ತಿನ್ನುತ್ತೆ. ಗುಡ್ಡದ ಮೇಲೆ ಹೋಗಿ ಎಲ್ಲಾ ಇಳಿಸ್ಕೊಂಡು, ಮನೆಗೆ ಬಂದು ಒಲೆ ಮುಂದೆ ಕೂತು ಕೇಳ್ತಿದ್ದೆ. ಅರ್ಥ ಆಗದಿದ್ರೆ ಮತ್ತೊಂದು ಸಲ. ಕ್ಲಾಸಲ್ಲಿ ಮೇಡಂಗೆ "ಇನ್ನೊಮ್ಮೆ ಹೇಳಿ" ಅಂತ ನಾಲ್ಕು ಸಲ ಕೇಳೋಕಾಗುತ್ತಾ?

ಅರ್ಥಶಾಸ್ತ್ರ_ಮೇಡಂ
ನಿಮ್ಮ ಆ ಕೆಮಿಸ್ಟ್ರಿ ಮೇಡಂಗೆ ನನ್ನ ನಮಸ್ಕಾರ ತಲುಪಿಸಿ. ಇದನ್ನ ನಾನು ಬರೆದಿಟ್ಕೊಂಡೆ.

ಕೋಡಿಂಗ್_ಕನ್ನಡಿಗ
ಇಷ್ಟೆಲ್ಲ ಕಷ್ಟ ಯಾಕೆ? ಎನ್‌ಪಿಟಿಇಎಲ್ 2003ರಿಂದ ಇದೆ, ಐಐಟಿ ಮತ್ತು ಐಐಎಸ್‌ಸಿ ಮೇಷ್ಟ್ರುಗಳ ಪಾಠ ಯೂಟ್ಯೂಬಲ್ಲಿ ಪುಕ್ಕಟೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ 2017ರಲ್ಲಿ ಶುರುವಾಯ್ತು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನ ವಿಶ್ವವಿದ್ಯಾಲಯಗಳು ಸ್ವಯಂ ಮೂಲಕ ಓದೋಕೆ ಬಿಡಬಹುದು, ಕ್ರೆಡಿಟ್ಟೂ ಸಿಗುತ್ತೆ. ವಾಟ್ಸಾಪಲ್ಲಿ ಟೊಮೆಟೊ ಲೆಕ್ಕ ಹೇಳೋದಕ್ಕಿಂತ ಅದನ್ನೇ ತೋರಿಸಿ.

ಕರಾವಳಿ_ಓದುಗಿ
ನೀವು ಇಂಜಿನಿಯರಿಂಗ್‌ನವರು, ಅದಕ್ಕೇ ಹೀಗೆ ಹೇಳ್ತೀರಿ. ಕನ್ನಡ ಮಾಧ್ಯಮದಲ್ಲಿ ಬಿಎ ಓದುವ ಹುಡುಗಿಗೆ ಒಂದು ಗಂಟೆಯ ಇಂಗ್ಲಿಷ್ ಉಪನ್ಯಾಸ ತೋರಿಸಿ "ಕಲಿ" ಅಂದ್ರೆ ಹೇಗೆ? ಕೆಲವು ಕೋರ್ಸಿಗೆ ಕನ್ನಡ ಅನುವಾದ ಉಂಟು, ಅದೂ ಹೆಚ್ಚಿನದು ಇಂಜಿನಿಯರಿಂಗ್ ವಿಷಯದ್ದೇ. ಮತ್ತೆ ಆ ಟೊಮೆಟೊ ಲೆಕ್ಕವನ್ನು ಹಗುರ ಮಾಡಿ ಮಾತಾಡ್ಬೇಡಿ. ಪಾಠ ಅಂದ್ರೆ ಅದೇ.

ಎಂಎಸ್ಸಿ_ಗಣಿತ
ಟೊಮೆಟೊ ಲೆಕ್ಕಕ್ಕೆ ಒಂದು ಮಾತು ಸೇರಿಸ್ತೀನಿ. ನೆಟ್ಟಗಿರೋ ಬೇಡಿಕೆ ರೇಖೆಯ ಸರಿಯಾಗಿ ನಡುವಿನ ಬಿಂದುವಿನಲ್ಲಿ ಸ್ಥಿತಿಸ್ಥಾಪಕತ್ವ 1. ಅದಕ್ಕಿಂತ ಮೇಲೆ ಒಂದಕ್ಕಿಂತ ಜಾಸ್ತಿ, ಕೆಳಗೆ ಕಮ್ಮಿ. ಬೆಲೆ ಮಾತ್ರ ಅಲ್ಲ, ಪ್ರಮಾಣದ ಶೇಕಡಾವಾರನ್ನೂ ನೋಡಬೇಕು. ಬೆಲೆ ಜಾಸ್ತಿ ಇರೋ ಕಡೆ ಜನ ಕೊಳ್ಳೋದೇ ನಾಲ್ಕು ಕೆಜಿ, ಅದರಲ್ಲಿ ಎರಡು ಕಮ್ಮಿಯಾದ್ರೆ ಅರ್ಧಕ್ಕರ್ಧ ಹೋಯ್ತು. ಬೆಲೆ ಕಮ್ಮಿ ಇರೋ ಕಡೆ ನಲವತ್ತರಲ್ಲಿ ಎರಡು ಹೋದ್ರೆ ಶೇ 5 ಅಷ್ಟೇ.

ಅರ್ಥಶಾಸ್ತ್ರ_ಮೇಡಂ
ಸರಿಯಾಗಿ ಹೇಳಿದ್ರಿ. ನನ್ನ ವಾಯ್ಸಲ್ಲಿ ಬೆಲೆ ಕಡೆ ಮಾತ್ರ ಹೇಳಿ ಪ್ರಮಾಣದ ಕಡೆ ಬಿಟ್ಟಿದ್ದೆ. ಇವತ್ತೇ ಅವಳಿಗೆ ಹೇಳ್ತೀನಿ.

ಪುಸ್ತಕದಂಗಡಿ
ಪಿಡಿಎಫ್ ಪಿಡಿಎಫ್ ಅಂತ ಎಲ್ಲರೂ ಹೇಳ್ತಿದ್ದೀರಿ. ಅದು ಯಾರ ಪಿಡಿಎಫ್? ನಮ್ಮದು ಸಣ್ಣ ಪ್ರಕಾಶನ, ಒಂದು ಪುಸ್ತಕಕ್ಕೆ 500 ಪ್ರತಿ ಹಾಕಿಸ್ತೇವೆ. ಒಬ್ಬ ಲೇಖಕರು ಆರು ವರ್ಷ ಕೂತು ಬರೆದ ಜಾನಪದದ ಪುಸ್ತಕ ಬಂದ ಎರಡೇ ತಿಂಗಳಲ್ಲಿ ಮುಖಪುಟದಿಂದ ಹಿಂಬದಿವರೆಗೆ ಸ್ಕ್ಯಾನ್ ಆಗಿ ಟೆಲಿಗ್ರಾಂ ಚಾನೆಲ್ಲಿನಲ್ಲಿತ್ತು. ಮುನ್ನೂರಕ್ಕೂ ಹೆಚ್ಚು ಪ್ರತಿ ಇನ್ನೂ ನಮ್ಮ ಗೋಡೌನಿನಲ್ಲಿವೆ. ಕಲಿಯೋದು ಬೇಡ ಅನ್ನಲ್ಲ. ಬರೆದವರ ಅನ್ನವನ್ನೂ ಸ್ವಲ್ಪ ನೋಡಿ.

ಕೋಡಿಂಗ್_ಕನ್ನಡಿಗ
ಓದೋದಕ್ಕೆ ಅಂತ ಪ್ರತಿ ಮಾಡ್ಕೊಳ್ಳೋದು ತಪ್ಪಲ್ಲ ಅಂತ ದೆಹಲಿ ಹೈಕೋರ್ಟೇ ಹೇಳಿದೆಯಲ್ಲ?

ಲೈಬ್ರರಿ_ಕೌಂಟರ್
ಅರ್ಧ ಸರಿ. ಆ ಕೇಸು ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯದು, ರಾಮೇಶ್ವರಿ ಫೋಟೋಕಾಪಿ ಅಂತ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ ದಾವೆ ಹಾಕಿದ್ರು. 2016ರಲ್ಲಿ ಮೊದಲು ಏಕಸದಸ್ಯ ಪೀಠ, ಆಮೇಲೆ ಡಿಸೆಂಬರಿನಲ್ಲಿ ವಿಭಾಗೀಯ ಪೀಠ, ಎರಡೂ ವಿದ್ಯಾರ್ಥಿಗಳ ಕಡೆಗೇ ಹೇಳಿದ್ದು ನಿಜ. 2017ರಲ್ಲಿ ಪ್ರಕಾಶಕರು ದಾವೆ ವಾಪಸ್ ತಗೊಂಡ್ರು. ಆದರೆ ಅಲ್ಲಿದ್ದದ್ದು ಕೋರ್ಸ್ ಪ್ಯಾಕ್, ಅಂದ್ರೆ ಸಿಲಬಸ್ಸಿಗೆ ತಕ್ಕ ಹಾಗೆ ಬೇರೆ ಬೇರೆ ಪುಸ್ತಕದಿಂದ ಆಯ್ದ ಭಾಗಗಳ ಕಟ್ಟು, ಪಾಠದ ಅಗತ್ಯಕ್ಕೆ. ಹೊಸ ಪುಸ್ತಕವನ್ನ ಪೂರ್ತಿ ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚೋದಕ್ಕೆ ಆ ತೀರ್ಪನ್ನ ಗುರಾಣಿ ಮಾಡ್ಕೋಬೇಡಿ.

ಹಕ್ಕುಸ್ವಾಮ್ಯ ಮುಗಿದ ಹಳೇ ಕನ್ನಡ ಪುಸ್ತಕಗಳು ಸಾವಿರಗಟ್ಟಲೆ ಇಂಟರ್ನೆಟ್ ಆರ್ಕೈವಿನಲ್ಲಿವೆ. ವಚನ ಸಂಚಯ ಅನ್ನೋ ಜಾಲತಾಣದಲ್ಲಿ ಒಂದು ಪದ ಕೊಟ್ರೆ ಅದು ಯಾರ್‍ಯಾರ ವಚನದಲ್ಲಿದೆ ಅಂತ ಹುಡುಕಿ ಕೊಡುತ್ತೆ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನೋ ಜಾಲತಾಣದಲ್ಲಿವೆ, ಕನ್ನಡದಲ್ಲಿ ಬರೆದವೂ ಇವೆ. ಗ್ರೂಪಲ್ಲಿ ಈ ಲಿಂಕುಗಳು ಓಡಾಡಿದ್ದನ್ನ ನಾನು ನೋಡೇ ಇಲ್ಲ.

ಇನ್ನೊಂದು. ಮೇಷ್ಟ್ರುಗಳೇ, ದಯವಿಟ್ಟು ನೋಟ್ಸನ್ನ ಯುನಿಕೋಡಿನಲ್ಲಿ ಟೈಪ್ ಮಾಡಿ. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದನ್ನ ಫೋನಿಗೆ ಕಾಪಿ ಮಾಡಿದ್ರೆ ಕನ್ನಡ ಹೋಗಿ ಯಾವ್ಯಾವುದೋ ಇಂಗ್ಲಿಷ್ ಅಕ್ಷರ ಬರ್ತವೆ. ಪಿಡಿಎಫಲ್ಲಿ "ಬೇಡಿಕೆ" ಅಂತ ಹುಡುಕಿದ್ರೆ ಸಿಗೋದೇ ಇಲ್ಲ. ನುಡಿಯಿಂದ ಯುನಿಕೋಡಿಗೆ ಬದಲಾಯಿಸೋ ಪರಿವರ್ತಕ ಉಚಿತವಾಗೇ ಸಿಗುತ್ತೆ.

ಪುಸ್ತಕದಂಗಡಿ
ಧನ್ಯವಾದ ಸರ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ.

ಮಲ್ಲಿಗೆ_ಸೆಮ್4
ಆ ಹುಡುಗಿ ಗ್ರೂಪಲ್ಲಿ ಕೇಳದೆ ಗುಟ್ಟಾಗಿ ಕೇಳಿದ್ಲು ಅಂತ ಮೇಡಂ ಹೇಳಿದ್ರಿ. ಹುಡುಗಿಯರು ಗ್ರೂಪಲ್ಲಿ ಯಾಕೆ ಮಾತಾಡಲ್ಲ ಅಂತ ನಾನು ಹೇಳ್ತೀನಿ. ಮೊದಲ ಸೆಮಿಸ್ಟರಲ್ಲಿ ಗ್ರೂಪಿಗೆ ಒಂದು ಪ್ರಶ್ನೆ ಹಾಕಿದೆ. ಅವತ್ತು ರಾತ್ರಿಯೇ ಗೊತ್ತಿಲ್ಲದ ಮೂರು ನಂಬರಿಂದ "ಹಾಯ್", "ಊಟ ಆಯ್ತಾ", "ಡಿಪಿ ಚೆನ್ನಾಗಿದೆ". ಒಬ್ಬನಂತೂ ಎರಡು ವಾರ ಬಿಡ್ಲಿಲ್ಲ. ಮನೇಲಿ ಗೊತ್ತಾದ್ರೆ ಫೋನ್ ಕಿತ್ಕೊಳ್ತಾರೆ, ಕಾಲೇಜೂ ಬಿಡಿಸಿದ್ರೆ ಅಂತ ಭಯ. ಡಿಪಿ ತೆಗೆದೆ, ಮಾತು ನಿಲ್ಲಿಸಿದೆ. ಪ್ರಶ್ನೆ ಇರ್ಲಿಲ್ಲ ಅಂತಲ್ಲ.

ಕರಾವಳಿ_ಓದುಗಿ
ಇದನ್ನು ಎಲ್ಲ ಮೇಷ್ಟ್ರುಗಳೂ ಓದಬೇಕು. ನಮ್ಮಲ್ಲಿ ಇದೇ ಕಾರಣಕ್ಕೆ ಟೆಲಿಗ್ರಾಂಗೆ ಹೋದದ್ದು. ಅಲ್ಲಿ ನಂಬರ್ ಯಾರಿಗೂ ಕಾಣದ ಹಾಗೆ ಮಾಡ್ಲಿಕ್ಕೆ ಆಗ್ತದೆ, ಬೇರೆ ಹೆಸರು ಇಟ್ಟುಕೊಳ್ಲಿಕ್ಕೂ ಆಗ್ತದೆ. ತಡವಾಗಿ ಸೇರಿದವರಿಗೂ ಹಳೆಯದೆಲ್ಲ ಓದ್ಲಿಕ್ಕೆ ಸಿಗುವ ಹಾಗೆ ಇಡಬಹುದು. ಮೆಸೇಜು ಮಾಡಿ ಕಾಟ ಕೊಟ್ಟವರನ್ನು ಗ್ರೂಪಿಂದ ತೆಗೆಯುವುದು ಮಾತ್ರ ಅಲ್ಲ, ಕಾಲೇಜಿನಲ್ಲಿ ದೂರು ದಾಖಲಾಗ್ತದೆ ಅಂತ ಮೊದಲ ದಿನವೇ ಹೇಳಿಬಿಡಬೇಕು.

ಗದಗಿನ_ಹುಡುಗ
ಅಕ್ಕಾರ, ನಮ್ಮ ಹುಡುಗ್ರ ಗ್ರೂಪಿನ್ಯಾಗ ಹೆಣ್ಣುಮಕ್ಕಳು ಇಲ್ಲ ಅನ್ನೂದು ನನಗ ಈಗ ಹೊಳೀತು. ಆ ಲೆಕ್ಕದ ಫೋಟೋ ಅವರಿಗೆ ಸಿಕ್ಕೇ ಇಲ್ಲ. ನಾಳೆ ನಮ್ಮ ಗೆಳ್ಯಾರ ಜೋಡಿ ಮಾತಾಡ್ತೀನಿ.

ಅಪ್ಪ_ದಾವಣಗೆರೆ
ನಾನು ಓದಿದವನಲ್ಲ, ಎಸ್ಸೆಸ್ಸೆಲ್ಸಿ. ಹೂವಿನ ಅಂಗಡಿ ಇದೆ. ಮಗಳು ಬಿಎಸ್ಸಿ ಎರಡನೇ ವರ್ಷ. ರಾತ್ರಿ ಫೋನ್ ಹಿಡಿದ್ರೆ ಬೈತಿದ್ದೆ. ಒಂದಿನ ನೀರು ಕುಡಿಯೋಕೆ ಎದ್ದೆ, ಹೊದಿಕೆ ಒಳಗಿಂದ ಪಿಸುಪಿಸು ಮಾತು ಕೇಳ್ತು. ಸಿಟ್ಟು ನೆತ್ತಿಗೇರ್ತು. ಹೊದಿಕೆ ಎಳೆದೆ. ಅವಳ ಕೈಯಲ್ಲಿ ಫೋನು, ತೊಡೆ ಮೇಲೆ ನೋಟ್‌ಬುಕ್ಕು, ಅದರಲ್ಲಿ ಎಲೆಯ ಚಿತ್ರ. ಮರುದಿನ ಪರೀಕ್ಷೆ ಇದ್ದ ಗೆಳತಿಗೆ ಎಲೆ ಹೇಗೆ ಆಹಾರ ತಯಾರಿಸುತ್ತೆ ಅಂತ ಹೇಳಿಕೊಡ್ತಿದ್ಲು. ಆ ಹುಡುಗಿಗೆ ಜ್ವರ ಬಂದು ಕ್ಲಾಸು ತಪ್ಪಿತ್ತಂತೆ. ನಮಗೆ ಎಚ್ಚರ ಆಗದಿರ್ಲಿ ಅಂತ ಹೊದಿಕೆ ಹೊದ್ದು ಕೂತಿದ್ಲು. ಆವತ್ತಿಂದ ಬೈದಿಲ್ಲ. ಈಗ ಲೈಟ್ ಹಾಕ್ಕೊಂಡೇ ಹೇಳಿಕೊಡ್ತಾಳೆ.

ನಿವೃತ್ತ_ಮೇಷ್ಟ್ರು
ಸ್ವಾಮಿ, ನಿಮ್ಮ ಮಾತು ಓದಿ ಕಣ್ಣು ತೇವವಾಯಿತು.

ನಿನ್ನೆ ನಾನು ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನಾನು ಓದುವ ಕಾಲಕ್ಕೆ ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳು ನಮ್ಮ ಮನೆಯಲ್ಲಿದ್ದವು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಜನಕ್ಕೆ ತಿಳಿಯುವ ಕನ್ನಡದಲ್ಲಿ ವಿಜ್ಞಾನ, ಇತಿಹಾಸ ಹೇಳಿ, ಆಮೇಲೆ ಅದನ್ನೇ ಅಗ್ಗದ ಬೆಲೆಗೆ ಅಚ್ಚು ಹಾಕಿಸಿದ ಮಾಲೆ ಅದು. ನಮ್ಮ ತಂದೆ ಪ್ರಾಥಮಿಕ ಶಾಲೆಯವರೆಗೆ ಓದಿದವರು, ನಕ್ಷತ್ರಗಳ ಬಗ್ಗೆ ತಿಳಿದದ್ದು ಅದರಿಂದಲೇ. ಕೇಳುವವರು ಎಲ್ಲಿದ್ದಾರೋ ಅಲ್ಲಿಗೆ ಮೇಷ್ಟ್ರು ಹೋಗಬೇಕು ಎಂಬುದು ನಮ್ಮಲ್ಲೇ ಇದ್ದ ಪದ್ಧತಿ. ಈಗ ಅವರು ಫೋನಿನಲ್ಲಿದ್ದರೆ ಅಲ್ಲಿಗೇ ಹೋಗಿ. ಆದರೆ ಪುಸ್ತಕದ ಮಾತನ್ನು ಮಾತ್ರ ನಾನು ಬಿಡುವುದಿಲ್ಲ.

ಕೊನೆಬೆಂಚು_ಬಿಕಾಂ
ಎಲ್ಲಾ ಸರಿ, ಆದ್ರೆ ಪಾಸಿಂಗ್ ಪ್ಯಾಕೇಜ್, ಅಂದ್ರೆ ಪಾಸಾಗೋಕಷ್ಟೇ ಬೇಕಾದ ಆಯ್ದ ಪ್ರಶ್ನೆಗಳನ್ನ ಬೈಯೋರಿಗೆ ಒಂದು ಮಾತು. ನಾನು ಬೆಳಿಗ್ಗೆ ಪೇಪರ್ ಹಾಕ್ತೀನಿ, ಸಂಜೆ ಮೊಬೈಲ್ ಅಂಗಡೀಲಿ ಕೆಲಸ. ಯೂಟ್ಯೂಬಲ್ಲಿ "ಹತ್ತು ಪ್ರಶ್ನೆ ಓದಿ ಪಾಸಾಗಿ" ವಿಡಿಯೊ ಇಲ್ದಿದ್ರೆ ಎರಡು ಸಬ್ಜೆಕ್ಟ್ ಬ್ಯಾಕ್ ಉಳೀತಿತ್ತು. ಅದರಲ್ಲಿ ಕಲಿಯೋದು ಕಮ್ಮಿ, ನನಗೂ ಗೊತ್ತು. ಟೈಮ್ ಇಲ್ಲ.

ತುಂಗಾತೀರ
ನಿಮ್ಮನ್ನ ಯಾರೂ ಬೈತಿಲ್ಲ ಅಣ್ಣ. ಬೈಯಬೇಕಾದ್ದು ಅದೇ ಹತ್ತು ಪ್ರಶ್ನೆಯನ್ನ ಪ್ರತಿ ವರ್ಷ ಕೇಳೋ ಪ್ರಶ್ನೆಪತ್ರಿಕೆಯನ್ನ. "ಅರ್ಥ ಬರೆಯಿರಿ, ವಿಧಗಳನ್ನು ಬರೆಯಿರಿ" ಅಂತ ಕೇಳೋವರೆಗೆ ಆ ವಿಡಿಯೊಗಳೂ ಇರ್ತವೆ.

ಕರಾವಳಿ_ಓದುಗಿ
ನಮ್ಮ ಕಾಲೇಜಿನಲ್ಲಿ ಅಸೈನ್‌ಮೆಂಟ್ ಬದಲು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಸಿದ್ರು ಒಂದು ವರ್ಷ. ನಾನು ಪಠ್ಯಪುಸ್ತಕದಿಂದ ಎರಡು ಪ್ಯಾರಾ ಹಾಗೆಯೇ ಇಳಿಸಿದ್ದೆ. ಅರ್ಧ ದಿನದಲ್ಲಿ ಯಾರೋ ಅಳಿಸಿ, "ನಿಮ್ಮ ಮಾತಲ್ಲಿ ಬರೆಯಿರಿ, ಎಲ್ಲಿಂದ ತಿಳಿಯಿತು ಅಂತ ಹೇಳಿ" ಅಂತ ಚರ್ಚೆ ಪುಟದಲ್ಲಿ ಬರೆದಿದ್ರು. ಬೇಜಾರಾಯ್ತು. ಮತ್ತೆ ಮೂರು ಪುಸ್ತಕ ತಂದು, ಓದಿ ಬರೆದೆ. ಅದು ಇನ್ನೂ ಅಲ್ಲೇ ಉಂಟು. ಅಸೈನ್‌ಮೆಂಟ್ ಆಗಿದ್ರೆ ಮಾರ್ಕು ಸಿಕ್ಕಿದ ದಿನವೇ ರದ್ದಿಗೆ ಹೋಗ್ತಿತ್ತು.

ಮಲ್ಲಿಗೆ_ಸೆಮ್4
ಫೋನೇ ಇಲ್ಲದವರು? ನಮ್ಮ ಕ್ಲಾಸಲ್ಲಿ ನಾಲ್ಕು ಜನ ಇದ್ದಾರೆ. ಒಬ್ಬಳದು ಅಣ್ಣನ ಫೋನು, ಅವನು ಗಾರೆ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಬಂದ ಮೇಲೆ ಅವಳ ಕೈಗೆ ಬರೋದು.

ಅರ್ಥಶಾಸ್ತ್ರ_ಮೇಡಂ
ಹನ್ನೆರಡು ದಿನ ಆಯ್ತು ಇಲ್ಲಿ ಕೇಳಿ. ನಿಮ್ಮ ಮಾತೆಲ್ಲ ಎರಡೆರಡು ಸಲ ಓದಿದೆ. ಏನು ಮಾಡಿದೆ ಅಂತ ಹೇಳ್ತೀನಿ.

ನೋಟಿಸಿನ ಗ್ರೂಪ್ ಹಾಗೇ ಬಿಟ್ಟು, ಪಾಠಕ್ಕೆ ಅಂತ ಟೆಲಿಗ್ರಾಂ ಗ್ರೂಪ್ ಬೇರೆ ಮಾಡಿದೆ. ಮೊದಲು ಎಲ್ಲರೂ ನಂಬರ್ ಕಾಣದ ಹಾಗೆ ಮಾಡ್ಕೊಂಡ್ರಾ ಅಂತ ಕ್ಲಾಸಲ್ಲೇ ಒಬ್ಬೊಬ್ಬರ ಫೋನ್ ನೋಡಿ ಸೇರಿಸಿದೆ. ಅದಕ್ಕೇ ಒಂದು ಪೀರಿಯಡ್ ಹೋಯ್ತು, ಹೋಗ್ಲಿ. ಬುಧವಾರ ರಾತ್ರಿ ಒಂಬತ್ತರಿಂದ ಹತ್ತು ಗಂಟೆವರೆಗೆ ಪ್ರಶ್ನೆಗೆ ಮಾತ್ರ. ಮಲ್ಲಿಗೆ ಅವರೇ, ಎಂಟಕ್ಕೆ ಅಂತಿದ್ದೆ, ನಿಮ್ಮ ಮಾತು ನೋಡಿ ಒಂಬತ್ತು ಮಾಡಿದೆ. ಉತ್ತರ ಮೊದಲು ನಾನು ಹೇಳಲ್ಲ, ಮಕ್ಕಳೇ ಹೇಳಬೇಕು. ಗುರುವಾರ ಬೆಳಿಗ್ಗೆ ಆ ಪ್ರಶ್ನೆ, ಉತ್ತರ ಒಂದು ಹಾಳೇಲಿ ಬರೆದು ಕ್ಲಾಸಿನ ಬಾಗಿಲ ಪಕ್ಕ ಅಂಟಿಸ್ತೀನಿ, ಫೋನ್ ಇಲ್ಲದವರು ಅದರ ಕೆಳಗೆ ತಮ್ಮ ಪ್ರಶ್ನೆ ಬರೀಬಹುದು.

ಮೊದಲ ಬುಧವಾರ ಇಪ್ಪತ್ತು ನಿಮಿಷ ಯಾರೂ ಬಾಯಿ ಬಿಡ್ಲಿಲ್ಲ. ಎದೆ ಹೊಡ್ಕೊಳ್ತಿತ್ತು. ಆಮೇಲೆ ಒಬ್ಬ ಹುಡುಗ ಕೇಳಿದ, "ಉಪ್ಪಿನ ರೇಟು ಡಬಲ್ ಆದ್ರೂ ನಾವು ಅಷ್ಟೇ ತಗೋತೀವಲ್ಲ, ಅದಕ್ಕ ಏನಂತಾರ?" ಎರಡು ನಿಮಿಷ. ಅದೇ ಹುಡುಗಿ ವಾಯ್ಸ್ ಹಾಕಿದ್ಲು. ಯಾರೂ ನಗ್ಲಿಲ್ಲ. ಆ ಹುಡುಗ, "ಉಳ್ಳಾಗಡ್ಡಿಗೂ ಹಂಗ ಏನು?" ಅಂದ.

ಗದಗಿನ_ಹುಡುಗ
ಉಳ್ಳಾಗಡ್ಡಿಗೆ ಏನಂದ್ರಿ ಮೇಡಂ ಆಕಿ?

ಅರ್ಥಶಾಸ್ತ್ರ_ಮೇಡಂ
"ಉಪ್ಪಿಗೆ ಬ್ಯಾರೆ ದಾರಿ ಇಲ್ಲ. ಉಳ್ಳಾಗಡ್ಡಿ ತುಟ್ಟಿ ಆದ್ರ ನಮ್ಮವ್ವ ಸಾರಿಗೆ ಅರ್ಧ ಹಾಕ್ತಾಳ, ಭಜಿ ಅಂಗಡಿಯವ ಎಲಿಕೋಸು ಬೆರಸ್ತಾನ" ಅಂದ್ಲು. ಗುರುವಾರದ ಹಾಳೇಲಿ ಅದನ್ನ ಹಾಗೇ ಬರೆದು ಅಂಟಿಸಿದೆ. ಮಧ್ಯಾಹ್ನ ನೋಡಿದ್ರೆ ಕೆಳಗೆ ಪೆನ್ಸಿಲಲ್ಲಿ ಯಾರೋ ಒಬ್ರು ಬರೆದಿದ್ರು: "ಹಾಗಾದರೆ ಚಿನ್ನಕ್ಕೆ?"